ಓತಿಕ್ಯಾತನ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈ ನಡುಗುವುದಿಲ್ಲ. ಕತ್ತು ಎಡಕ್ಕೆ ಎಳೆಯುತ್ತದೆ, ಭುಜ ಹಾರುತ್ತದೆ, ಗಂಟಲಿನಿಂದ ‘ಹಕ್’ ಎಂದು ಒಂದು ಸದ್ದು ಬರುತ್ತದೆ, ಕೆಟ್ಟ ದಿನಗಳಲ್ಲಿ ನಿಮಿಷಕ್ಕೆ ಐದಾರು ಸಲ. ಕೈ ಮಾತ್ರ ನಡುಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಭಾವನ ಸಲೂನಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಈ ಬೀದಿಯ ಗಂಡಸರ ಗಡ್ಡವನ್ನೆಲ್ಲ ಕೆರೆದಿದ್ದೇನೆ. ನಂಬದವರು ಎದ್ದು ಹೋಗಬಹುದು. ಜನ ಎದ್ದು ಹೋಗುವುದು ನನಗೆ ಹೊಸದೇನೂ ಅಲ್ಲ.

ಆರು ವರ್ಷದವನಿದ್ದಾಗ ಶುರುವಾದದ್ದು ಇದು. ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದರು. ಅಪ್ಪ ಬಾರಿಸಿದ. ಅಮ್ಮ ಅತ್ತಳು. ಓಣಿಯ ಹುಡುಗರು ‘ಓತಿಕ್ಯಾತ’ ಎಂದು ಹೆಸರಿಟ್ಟರು. ಬೇಲಿಯ ಮೇಲೆ ಕೂತು ತಲೆ ಆಡಿಸುವ ಪ್ರಾಣಿಗೂ ನನಗೂ ಅವರು ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಟುರೆಟ್ ಸಿಂಡ್ರೋಮ್ ಎಂಬ ಹೆಸರಿದೆ, ಹುಚ್ಚಲ್ಲ, ಅಂಟುರೋಗವಲ್ಲ, ಬೇಕೆಂದು ಮಾಡುವುದಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಹೇಳುವಷ್ಟರಲ್ಲಿ ನನಗೆ ಮೂವತ್ತು ದಾಟಿತ್ತು. ಅಷ್ಟು ಹೊತ್ತಿಗೆ ಓತಿಕ್ಯಾತ ಎಂಬ ಹೆಸರೇ ಗಟ್ಟಿಯಾಗಿತ್ತು.

ಹಾಗಾದರೆ ಕತ್ತಿ ಹಿಡಿಯುವುದು ಹೇಗೆ? ಎಲ್ಲರೂ ಕೇಳುವುದು ಇದನ್ನೇ. ಕೇಳಿ. ಸೀನು ಬರುವುದು ಮೂಗಿಗೆ ಮೊದಲೇ ಗೊತ್ತಾಗುತ್ತದಲ್ಲ, ಹಾಗೆ ಕತ್ತಿನೊಳಗೆ ಒಂದು ಕೆರೆತ ಶುರುವಾಗುತ್ತದೆ. ಮನಸ್ಸು ಕೆಲಸದಲ್ಲಿ ನೆಟ್ಟಿದ್ದರೆ ಎಷ್ಟೋ ಸಲ ಅದೇ ಅಡಗುತ್ತದೆ. ಅಡಗದಿದ್ದರೆ ಸ್ವಲ್ಪ ಹೊತ್ತು ತಡೆಯಬಲ್ಲೆ. ಅಷ್ಟರಲ್ಲಿ ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಮೊಳೆಗೆ ತೂಗುಹಾಕಿದ ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುತ್ತಿದ್ದೆ. ಮಸೆಯುತ್ತ ಕತ್ತು ಎಳೆದುಕೊಳ್ಳುತ್ತಿದ್ದೆ, ಭುಜ ಹಾರಿಸುತ್ತಿದ್ದೆ, ಗಂಟಲಿನ ಸದ್ದನ್ನು ಕೆಮ್ಮಿನಲ್ಲಿ ಬೆರೆಸುತ್ತಿದ್ದೆ. ‘ಎಷ್ಟು ಶ್ರದ್ಧೆಯಿಂದ ಮಸೀತಾನಪ್ಪ’ ಎಂದು ಹೊಗಳಿದವರೂ ಇದ್ದಾರೆ.

ಹೋದ ವರ್ಷ ಆರೋಗ್ಯ ಇಲಾಖೆಯವರು ಬಂದು ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕಬಾರದೆಂದರು. ಸರಿಯಾದ ಮಾತೇ, ನನ್ನ ತಕರಾರಿಲ್ಲ. ಭಾವ ಹಳೆ ಕತ್ತಿಗಳನ್ನು ಪೆಟ್ಟಿಗೆಗೆ ಹಾಕಿ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ತಂದ. ಚರ್ಮದ ಪಟ್ಟಿಗೆ ಇನ್ನೇನು ಕೆಲಸವೆಂದು ಅದನ್ನೂ ಕಿತ್ತು, ಆ ಜಾಗದಲ್ಲಿ ಕ್ಯಾಲೆಂಡರ್ ನೇತುಹಾಕಿದ. ನನ್ನ ಮರ್ಯಾದೆ ಆ ಮೊಳೆಗೆ ತೂಗುತ್ತಿತ್ತು ಎಂದು ಅವನಿಗೆ ಹೇಗೆ ಹೇಳಲಿ? ಮಸೆಯಲು ಏನೂ ಇಲ್ಲದವನು ಕ್ಯಾಲೆಂಡರಿಗೆ ಮುಖ ಮಾಡಿ ನಿಂತರೆ ಏನೆನ್ನುತ್ತಾರೆ? ಹಾಗಾಗಿ ಕುರ್ಚಿಯ ಹಿಂದಕ್ಕೆ ಸರಿದು ನಿಂತಲ್ಲೇ ಎಳೆದುಕೊಳ್ಳಲು ಶುರುಮಾಡಿದೆ. ಗಿರಾಕಿ ಹೇಗೂ ಕಣ್ಣು ಮುಚ್ಚಿರುತ್ತಾನೆ.

ರಸ್ತೆಯಾಚೆಯವನು ಕಣ್ಣು ಮುಚ್ಚಿರಲಿಲ್ಲ. ಎದುರಿನ ಹಾರ್ಡ್‌ವೇರ್ ಅಂಗಡಿಯವನನ್ನು ಬೀದಿಯೆಲ್ಲ ‘ಸುತ್ತಿಗೆ’ ಎನ್ನುತ್ತದೆ, ಬಾಯಿ ಬಿಟ್ಟರೆ ತಲೆಗೇ ಬೀಳುತ್ತದೆಂದು. ಈ ಸುತ್ತಿಗೆ ಒಂದು ದಿನ ನಮ್ಮ ಕಿಟಕಿಗೆ ಮೊಬೈಲು ಹಿಡಿದ. ನಿವೃತ್ತ ಹೆಡ್‌ಮೇಷ್ಟರು ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಒರಗಿದ್ದಾರೆ, ಅವರ ತಲೆಯ ಹಿಂದೆ ನಾನು ಕತ್ತಿ ಎತ್ತಿ ಹಿಡಿದು ಕತ್ತು ಕುಣಿಸುತ್ತಿದ್ದೇನೆ. ‘ಗಿರಾಕಿ ಕಣ್ಣು ಮುಚ್ಚಿದ್ರೆ ಈತ ಹಿಂದಿನಿಂದ ಅಣಕಿಸ್ತಾನೆ ನೋಡಿ’ ಎಂದು ಬರೆದು ಊರಿಗೆಲ್ಲ ಹಂಚಿದ. ಸಂಜೆಯೊಳಗೆ ಹೆಡ್‌ಮೇಷ್ಟರ ಮಗ ಬಂದು ನನ್ನ ಕಾಲರ್ ಹಿಡಿದ.

ಭಾವ ನಡುವೆ ಬಂದು ಬಿಡಿಸಿದ. ಅದು ಅಣಕವಲ್ಲ, ಕಾಯಿಲೆ ಎಂದು ಕೈಮುಗಿದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಭಾವ ಒಳ್ಳೆಯವನು, ಆದರೆ ಅವನದು ಯಾವಾಗಲೂ ಎರಡು ಮಾತು ಜಾಸ್ತಿ. ಮಾರನೆಯ ದಿನ ಬಾಗಿಲಿಗೆ ಬೋರ್ಡು ಬರೆಸಿ ಹಾಕಿದ: ‘ನಮ್ಮಲ್ಲಿ ಅಣಕಿಸುವವರು ಯಾರೂ ಇಲ್ಲ. ಕ್ಷೌರ ಮಾಡುವವರೊಬ್ಬರಿಗೆ ನರದ ಕಾಯಿಲೆ ಇದೆ. ಗ್ರಾಹಕರು ಸಹಕರಿಸಬೇಕು.’

ಇಂಥ ಬೋರ್ಡು ಓದಿ ಯಾವ ಅಪ್ಪನ ಮಗ ಕತ್ತಿಗೆ ಕತ್ತು ಕೊಡುತ್ತಾನೆ? ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಕಾಯಿಲೆ ಎಂದು ನಂಬಿದವರು ಹೆದರಿ ಬರಲಿಲ್ಲ. ಸುಳ್ಳು ಎಂದವರು ಸಿಟ್ಟಿಗೆ ಬರಲಿಲ್ಲ. ಒಟ್ಟಿನಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಆರು ವಾರ ಯಾರೂ ಕೂರಲಿಲ್ಲ. ನಡುವಿನ ಕುರ್ಚಿಯಲ್ಲಿ ಹೊಸಬ ಬೆವರು ಸುರಿಸಿ ಕೆಲಸ ಮಾಡುತ್ತಿದ್ದ. ಬಂದು ಹನ್ನೊಂದು ತಿಂಗಳಾದರೂ ಅವನು ನಮಗೆ ಹೊಸಬನೇ. ನಾನು ಒರೆಸಿದ ಕನ್ನಡಿಯನ್ನೇ ಒರೆಸುತ್ತ ನಿಂತಿದ್ದೆ.

ಭಾವನೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಇಪ್ಪತ್ತೆರಡು ವರ್ಷ ವಾರಕ್ಕೆರಡು ಸಲ ನನ್ನ ಹತ್ತಿರವೇ ಗಡ್ಡ ಮಾಡಿಸಿಕೊಂಡವನು ಈಗ ಮನೆಯಲ್ಲೇ ಮಾಡಿಕೊಂಡು ಬರುತ್ತಿದ್ದ. ನಾನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾನೋ ಎಂಬ ಭಯ ನನಗಿತ್ತು.

ಕೊನೆಗೆ ಅವನೇ ಒಂದು ದಿನ ಬಾಯಿಬಿಟ್ಟ.

“ಹಿಂದಿನ ರೂಮಲ್ಲಿ ಟವಲ್ ಒಗೆಯೋದು, ನೀರು ಕಾಯಿಸೋದು ನೀನು ನೋಡ್ಕೋ. ನಿನ್ನ ಕುರ್ಚಿಗೆ ಬೇರೆಯವನ್ನ ಮಾತಾಡಿದೀನಿ.”

“ನನ್ನ ಕೈ ಏನಾದ್ರೂ ಕೆಟ್ಟಿದೆಯಾ ಭಾವ?”

“ನಿನ್ನ ಕೈ ನಂಗೊತ್ತು ಕಣೋ. ಊರಿಗೆ ಗೊತ್ತಾಗ್ಬೇಕಲ್ಲ?”

ಆ ರಾತ್ರಿ ಅಕ್ಕ ಅವನ ಜೊತೆ ಜಗಳವಾಡಿದಳೆಂದು ಕಾಣುತ್ತದೆ. ಬೆಳಗ್ಗೆ ಅವನ ಮಾತು ಸ್ವಲ್ಪ ಇಳಿದಿತ್ತು. “ಆಯ್ತು, ಒಂದು ಅವಕಾಶ. ನಾಲ್ಕು ಜನರ ಎದುರಿಗೆ ಯಾರಾದ್ರೂ ಒಬ್ಬರು ನಿನ್ನ ಕುರ್ಚೀಲಿ ಕೂತು ಪೂರ್ತಿ ಗಡ್ಡ ಮಾಡಿಸ್ಕೊಂಡು ಎದ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ಟವಲ್. ಆಮೇಲೆ ನನ್ನ ಬೈಬಾರದು.”

ಆ ನಾಲ್ಕು ಜನರನ್ನು ತಂದವರು ಸಂಘದ ಮೇಡಂ. ಬೋರ್ಡಿನ ಫೋಟೊ ಎಲ್ಲೋ ನೋಡಿ ಹುಡುಕಿಕೊಂಡು ಬಂದರು. ಟುರೆಟ್ ಇರುವವರ ಬಗ್ಗೆ ಜಾಗೃತಿ ಮೂಡಿಸುವ ಸಂಘವಂತೆ. ನನ್ನನ್ನು ‘ಸರ್’ ಎಂದರು. ಜನ್ಮದಲ್ಲಿ ಯಾರೂ ನನ್ನನ್ನು ಸರ್ ಎಂದಿರಲಿಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ನಿಮ್ಮ ಸಲೂನಿನಲ್ಲೇ ಒಂದು ಕಾರ್ಯಕ್ರಮ ಮಾಡೋಣ, ಡಾಕ್ಟರನ್ನು ಕರೆತರುತ್ತೇನೆ ಎಂದರು. ನಾನು ಒಂದೇ ಕೇಳಿದೆ: “ಭಾಷಣ ಆದ್ಮೇಲೆ ಒಬ್ಬರು ನನ್ನ ಕುರ್ಚೀಲಿ ಕೂರ್ತಾರಾ?”

“ಒಬ್ರೇನು ಸರ್, ಸಾಲಾಗಿ ನಿಲ್ತಾರೆ ನೋಡ್ತಿರಿ” ಎಂದರು.

ರಜಾದಿನ ಬೆಳಗ್ಗೆ ಹತ್ತಕ್ಕೆ ನಲವತ್ತು ಜನ ಸೇರಿದರು. ಒಳಗೆ ಹದಿನೈದು, ಉಳಿದವರು ಬಾಗಿಲಲ್ಲಿ, ಫುಟ್‌ಪಾತಿನಲ್ಲಿ. ಎಲ್ಲರ ಎದೆಗೂ ಮೇಡಂ ಒಂದೊಂದು ರಿಬ್ಬನ್ ಚುಚ್ಚಿದರು. ಹೆಡ್‌ಮೇಷ್ಟರು ಮುಂದಿನ ಸಾಲಿನಲ್ಲಿ. ಸುತ್ತಿಗೆಯೂ ಬಂದು ಬಾಗಿಲಿಗೆ ಒರಗಿ ನಿಂತ. ರಿಬ್ಬನ್ ಬೇಡವೆಂದ.

ಡಾಕ್ಟರು ಚೆನ್ನಾಗಿಯೇ ಮಾತಾಡಿದರು, ಅನ್ಯಾಯ ಹೇಳಬಾರದು. ಇದು ಚಿಕ್ಕವಯಸ್ಸಿನಲ್ಲಿ ಶುರುವಾಗುತ್ತದೆ, ಬೈಗುಳ ತಾನಾಗಿ ಬಾಯಿಗೆ ಬರುವುದು ಕೆಲವರಿಗೆ ಮಾತ್ರ, ತಡೆದುಕೊಂಡಷ್ಟೂ ಒಳಗೆ ಒತ್ತಡ ಏರುತ್ತದೆ, ದಿಟ್ಟಿಸಿದರೆ ಜಾಸ್ತಿಯಾಗುತ್ತದೆ, ಸುಮ್ಮನೆ ಬಿಟ್ಟರೆ ಅವರ ಪಾಡಿಗೆ ಅವರು ಎಲ್ಲರಂತೆ ಕೆಲಸ ಮಾಡುತ್ತಾರೆ. ಒಂದೊಂದು ಮಾತೂ ನನ್ನ ಬಾಯಿಂದಲೇ ಕಿತ್ತುಕೊಂಡಂತಿತ್ತು. ಜನ ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟರು ಕಣ್ಣೊರೆಸಿಕೊಂಡು, “ನಮ್ಮಿಂದ ತಪ್ಪಾಯ್ತಪ್ಪ” ಎಂದರು. ಅವರ ಮಾತನ್ನು ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ.

ನಾನು ಬಿಳಿ ಬಟ್ಟೆ ಕೊಡವಿ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದೆ. “ಡಾಕ್ಟ್ರೇ, ನೀವೇ ಮೊದಲು ಬನ್ನಿ.”

ಡಾಕ್ಟರ ಕೈ ಕೆನ್ನೆಗೆ ಹೋಯಿತು. “ಅಯ್ಯೋ, ನಾನು ಬೆಳಗ್ಗೇನೇ ಮಾಡ್ಕೊಂಡು ಬಂದೆನಲ್ಲಪ್ಪ.”

ಹೆಡ್‌ಮೇಷ್ಟರ ಕಡೆ ನೋಡಿದೆ. ಅವರ ಚರ್ಮ ಈಚೆಗೆ ಬಹಳ ಸೂಕ್ಷ್ಮವಾಗಿದೆಯಂತೆ. ಅವರ ಮಗ ಗಡ್ಡ ಬಿಡುತ್ತಿದ್ದಾನಂತೆ. ಬ್ಯಾಂಕಿನ ಗುಮಾಸ್ತರೊಬ್ಬರಿಗೆ ಯಾರದೋ ಫೋನು ಬಂತು. ಮೊಬೈಲು ಸದ್ದೇ ಮಾಡಿರಲಿಲ್ಲ. ರಿಬ್ಬನ್ ಚುಚ್ಚಿಕೊಂಡ ನಲವತ್ತು ಎದೆ, ಕತ್ತು ಕೊಡುವವನು ಒಬ್ಬನಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾಚಿಕೆಗೆಟ್ಟವರು. ಸುಳ್ಳು ಎಂದು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ನನಗೆ. ನಂಬಿದ್ದೇವೆ ಎಂದು ತೋರಿಸಿಕೊಂಡೇ ಹಿಂದೆ ಸರಿದರಲ್ಲ!

ಮೇಡಂ ಮುಖ ಕೆಂಪಾಯಿತು. “ಬಲವಂತ ಬೇಡ ಸರ್, ಜನಕ್ಕೆ ಟೈಮ್ ಬೇಕು” ಎಂದರು. ಭಾವ ಆಗಲೇ ಹಿಂದಿನ ರೂಮಿನ ಕಡೆ ನೋಡಿದ.

ಆಗ ಬಾಗಿಲ ಕಡೆಯಿಂದ ಒಂದು ನಗೆ ಕೇಳಿತು. ಸುತ್ತಿಗೆ ಜನರನ್ನು ತಳ್ಳಿಕೊಂಡು ಒಳಗೆ ಬಂದ.

“ಏನ್ರೀ ಹೆದರ್ತೀರಿ? ನಾನು ಕೂರ್ತೀನಿ.” ನೇರ ಬಂದು ನನ್ನ ಕುರ್ಚಿಯಲ್ಲಿ ದೊಪ್ಪನೆ ಕುಳಿತ. “ಕಾಯಿಲೆ ಇದ್ರೆ ತಾನೇ ಹೆದ್ರೋದು? ಇವನು ಮಹಾ ನಾಟಕದವನು. ಮಾಡಲೋ, ಮಾಡು. ಎರಡು ದಿನದ ಗಡ್ಡ ಇದೆ.”

ನನ್ನ ಪಾಡು ನೋಡಿ. ನನ್ನ ಪರ ಇದ್ದವರೆಲ್ಲ ಗೋಡೆಗೆ ಅಂಟಿ ನಿಂತಿದ್ದಾರೆ, ನನ್ನನ್ನು ಸುಳ್ಳ ಎನ್ನುವವನೊಬ್ಬನೇ ನನ್ನ ಕತ್ತಿಗೆ ಗಂಟಲು ಒಡ್ಡಿ ಕೂತಿದ್ದಾನೆ. ಭಾವ ನನಗೆ ಕಣ್ಣಲ್ಲೇ ಸನ್ನೆ ಮಾಡಿದ: ಮಾಡು. ಬಟ್ಟೆ ಹೊದಿಸಿದೆ. ನೊರೆ ಹಚ್ಚಿದೆ. ಹೊಸ ಬ್ಲೇಡು ಮುರಿದು ಸಿಕ್ಕಿಸಿದೆ.

ಬಲಗೆನ್ನೆ ಬೆಣ್ಣೆ ಸವರಿದಂತೆ ಮುಗಿಯಿತು. ನಲವತ್ತು ಜೋಡಿ ಕಣ್ಣು ನನ್ನ ಕತ್ತಿನ ಮೇಲೇ ನೆಟ್ಟಿದ್ದವು. ಒಳಗೆ ಕೆರೆತ ಶುರುವಾಯಿತು. ತಡೆದೆ. ಗದ್ದದ ಕೆಳಗೆ ಎರಡು ಎಳೆತ ಎಳೆದೆ. ಕೆರೆತ ಬೆನ್ನಿಗಿಳಿಯಿತು. ತಡೆದೆ.

ಸುತ್ತಿಗೆ ಕಣ್ಣು ಮುಚ್ಚಿಕೊಂಡೇ ಮಾತು ಶುರುಮಾಡಿದ. “ನೋಡಿದ್ರಾ ಡಾಕ್ಟ್ರೇ? ಕಲ್ಲಿನಂಥ ಕೈ. ಎಲ್ಲಿದೆ ನಿಮ್ಮ ಕಾಯಿಲೆ? ಜನ ನೋಡ್ತಿದಾರೆ ಅಂತ ಗೊತ್ತಾದ್ರೆ ನಿಲ್ಲತ್ತೆ, ಬೆನ್ನು ತಿರುಗಿಸಿದ್ರೆ ಶುರು. ನಾನು ಮೊದ್ಲೇ ಹೇಳ್ಲಿಲ್ವಾ, ಅಣಕ ಅಂತ?”

ಗುಂಪಿನಲ್ಲಿ ಒಂದಿಬ್ಬರು ಹೌದೆಂದು ತಲೆಯಾಡಿಸಿದರು. ಹೆಡ್‌ಮೇಷ್ಟರ ಮಗನ ಮುಖ ಮತ್ತೆ ಗಡುಸಾಯಿತು. ಭಾವ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ, “ತಡ್ಕೊಳೋ. ಅವನು ಏನು ಬೇಕಾದ್ರೂ ಅಂದ್ಕೊಳ್ಳಿ. ಇನ್ನೊಂದು ಕೆನ್ನೆ, ಅಷ್ಟೇ. ಕುರ್ಚಿ ನಿಂದೇ.”

ಇನ್ನೊಂದು ಕೆನ್ನೆ ಎಂದರೆ ನಾಲ್ಕು ನಿಮಿಷ. ಹಲ್ಲು ಕಚ್ಚಿದರೆ ತಡೆಯಬಲ್ಲೆ. ತಡೆದರೆ ಗೆದ್ದೆ, ಕುರ್ಚಿ ಉಳಿಯಿತು. ಆಮೇಲೆ? ಸಾಯುವವರೆಗೂ ಈ ಬೀದಿಗೆ ನಾನು ಗಿರಾಕಿಗಳನ್ನು ಅಣಕಿಸಿ ಸಿಕ್ಕಿಬಿದ್ದು, ಕಾಯಿಲೆಯ ಕಥೆ ಕಟ್ಟಿದವನು. ಆರು ವರ್ಷದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರು ಸರಿ, ಬಾರಿಸಿದ ಅಪ್ಪ ಸರಿ, ಈ ಸುತ್ತಿಗೆಯೂ ಸರಿ. ನನ್ನ ಮೈಯೆಲ್ಲ ಸಿಟ್ಟು ಉಕ್ಕಿತು. ಥೂ, ಇಂಥ ಗೆಲುವು ನನಗೆ ಬೇಡ ಅನ್ನಿಸಿತು.

ಕತ್ತಿಯನ್ನು ಮಡಚಿ ಕನ್ನಡಿಯ ಕೆಳಗಿಟ್ಟೆ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಎಲ್ಲರ ಎದುರು ನಿಂತು, ಹಿಡಿದಿಟ್ಟದ್ದನ್ನೆಲ್ಲ ಬಿಟ್ಟೆ. ಕತ್ತು ಎಳೆಯಿತು, ಮತ್ತೆ ಎಳೆಯಿತು, ಭುಜ ಹಾರಿತು, ‘ಹಕ್’, ‘ಹಕ್’ ಎಂದು ಗಂಟಲು ಕೂಗಿತು. ಮುಚ್ಚಿಕೊಳ್ಳಲು ಕೆಮ್ಮಲಿಲ್ಲ. ಅರ್ಧ ನಿಮಿಷವೋ ಒಂದು ನಿಮಿಷವೋ. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

ಸುತ್ತಿಗೆ ಕಣ್ಣು ಬಿಟ್ಟು ಕನ್ನಡಿಯಲ್ಲಿ ನೋಡುತ್ತಿದ್ದ. ಮುಗಿದ ಮೇಲೆ ನಾನು ಕೈ ತೊಳೆದು, ಒರೆಸಿ, ಮತ್ತೆ ಕತ್ತಿ ಎತ್ತಿಕೊಂಡೆ. ಅವನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ.

“ಏಯ್, ತಡಿ.”

“ಯಾಕೆ? ನಾಟಕ ಅಲ್ವಾ?” ಎಂದೆ. ಅದುವರೆಗೂ ಅವನಿಗೆ ಬಹುವಚನ ಕೊಟ್ಟು ಮಾತಾಡಿಸುತ್ತಿದ್ದವನು, ಅವತ್ತು ಕೊಡಲಿಲ್ಲ. “ನಾಟಕ ಅಂದ್ರೆ ಕೂತ್ಕೋ, ಇನ್ನೊಂದು ಕೆನ್ನೆ ಮುಗಿಸ್ತೀನಿ. ಎದ್ದು ಹೋಗೋದಾದ್ರೆ ಇಷ್ಟು ಜನರ ಮುಂದೆ ಹೇಳಿ ಹೋಗು, ಇದು ಕಾಯಿಲೆ, ನಾನು ಹಂಚಿದ್ದು ಸುಳ್ಳು ಅಂತ. ಎರಡರಲ್ಲಿ ಒಂದು ಮಾಡು.”

ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ, ಇಂಗು ತಿಂದ ಮಂಗನಂತೆ ಕನ್ನಡಿಯನ್ನು ನೋಡಿದ, ಕತ್ತಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಬಟ್ಟೆ ಸರಿಸಿ ಎದ್ದ.

“ಕಾಯಿಲೆನೇ ಕಣ್ರಪ್ಪ” ಎಂದ. “ಇದು ನಾಟಕ ಅಲ್ಲ. ನಾನು ತಪ್ಪು ತಿಳ್ಕೊಂಡಿದ್ದೆ.”

ಮೇಡಂ ಹಿಗ್ಗಿಹೋದರು. ಮೊದಲು ಅವರು, ಆಮೇಲೆ ಡಾಕ್ಟರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. “ಇದೇ ಸರ್ ಜಾಗೃತಿ ಅಂದ್ರೆ!” ಎಂದು ನನ್ನ ಕೈ ಕುಲುಕಿದರು. ಇಡೀ ಬೀದಿ ಆ ಕ್ಷಣ ನನ್ನನ್ನು ನಂಬಿತು. ನನ್ನ ಕುರ್ಚಿ ಖಾಲಿಯಾಗಿತ್ತು.

ಸುತ್ತಿಗೆ ಅರ್ಧ ಗಡ್ಡದಲ್ಲಿ ಬೀದಿಗಿಳಿಯುವಂತಿರಲಿಲ್ಲ. ಭಾವ ಅವನ ಭುಜ ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಹೊಸಬ ಓಡಿಬಂದ. ಇಷ್ಟು ಜನ ನೋಡುತ್ತಿರುವಾಗ ಅವನೆಂದೂ ಕೆಲಸ ಮಾಡಿದವನಲ್ಲ. ಮೂರನೆಯ ಎಳೆತಕ್ಕೇ ದವಡೆಯ ಹತ್ತಿರ ಬ್ಲೇಡು ಕಚ್ಚಿತು, ಬಿಳಿ ನೊರೆಯಲ್ಲಿ ಕೆಂಪು ಗೆರೆ ಇಳಿದು ಬಟ್ಟೆಗೆ ಹತ್ತಿತು. ಹೊಸಬ ಬಿಳಿಚಿಕೊಂಡು ಪಟಿಕದ ಕಲ್ಲು ಹುಡುಕಾಡಿದ. ಸುತ್ತಿಗೆ ಒಮ್ಮೆ ಸುಸ್ ಎಂದು ಉಸಿರೆಳೆದು, “ಪರವಾಗಿಲ್ಲ ಬಿಡಪ್ಪ, ಆಗುತ್ತೆ, ನಿಧಾನವಾಗಿ ಮಾಡು” ಎಂದು ಮತ್ತೆ ಕಣ್ಣು ಮುಚ್ಚಿಕೊಂಡ.

“ಭಾವ, ನೋಡಿದ್ರಾ?” ಎಂದೆ. ನನ್ನ ದನಿ ನನಗೇ ಚೀರಿದಂತೆ ಕೇಳಿತು. “ರಕ್ತ ಬಂತು ಭಾವ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಬ್ಬನಿಗೂ ಬರಿಸಿಲ್ಲ.”

ಭಾವ ನನ್ನ ಕಡೆ ತಿರುಗಲಿಲ್ಲ. “ಅವನದು ಕೈ ತಪ್ಪಿದ್ದು ಕಣೋ” ಎಂದ. “ನಿಂದು ಕಾಯಿಲೆ.”

ಜನ ಒಬ್ಬೊಬ್ಬರೇ ಕರಗತೊಡಗಿದರು. ಹೋಗುವಾಗ ಒಬ್ಬೊಬ್ಬರೂ ನನ್ನ ಬೆನ್ನು ತಟ್ಟಿ ಹೋದರು. ಭಾವ ಟವಲಿನ ಬುಟ್ಟಿಯನ್ನು ನನ್ನ ಕಾಲ ಹತ್ತಿರ ತಂದಿಟ್ಟ. ನಾನು ಅದನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿದೆ. ಬಿಳಿ ಬಟ್ಟೆಯನ್ನು ಎತ್ತಿ ಜೋರಾಗಿ ಕೊಡವಿದೆ. ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದೆ, “ಮುಂದೆ ಯಾರು? ಬನ್ನಿ!”

ಬಾಗಿಲಲ್ಲಿದ್ದವರು ನಿಂತು ತಿರುಗಿ ನೋಡಿದರು. ಯಾರೂ ಒಳಗೆ ಬರಲಿಲ್ಲ. “ಸಾಕು ಬಿಡೋ” ಎಂದ ಭಾವ. ಕತ್ತು ಎಡಕ್ಕೆ ಎಳೆಯಿತು, ಎಳೆಯಲು ಬಿಟ್ಟೆ. ಅದು ಮುಗಿದ ಮೇಲೆ ಇನ್ನೂ ಜೋರಾಗಿ ಕೂಗಿದೆ.